ಬಯೋದಲ್ಲಿ ಬಿರುದು ಬೇಡ, ಮಾಡಿದ್ದನ್ನು ಬರೀರಿ

ಇನ್‌ಸ್ಟಾಗ್ರಾಮ್ ಬಯೋಗೆ 150 ಅಕ್ಷರಗಳಷ್ಟೇ ಜಾಗ. ‘ವಿಜ್ಞಾನಿ’ ನಮ್ಮ ಕಣ್ಣಿಗೆ ಮೂರಕ್ಷರ. ಒತ್ತು, ಗುಣಿತ ಬಿಡಿಸಿದರೆ ಯೂನಿಕೋಡಿನಲ್ಲಿ 8 ಸಂಕೇತ. ಹಾಗಾಗಿ ಕನ್ನಡದಲ್ಲಿ ಬರೆದರೆ ಜಾಗ ಬೇಗ ತುಂಬುತ್ತೆ. ಇರೋ ಜಾಗವನ್ನು ‘ಭಾವಿ ವಿಜ್ಞಾನಿ’ ಅಂತ ಯಾಕೆ ಕಳೀಬೇಕು?

ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿ ಮನೇಲಿ ಕನ್ನಡ, ಬೀದೀಲಿ ತಮಿಳು ಆಡೋ ವಿದ್ಯಾರ್ಥಿ ಹೀಗೆ ಬರೆಯಲಿ: ‘ಕೆರೆಯ ಹಕ್ಕಿಗಳನ್ನು ಎಣಿಸಿ ದಾಖಲಿಸುತ್ತೇನೆ. ಕನ್ನಡ, ತಮಿಳು ಬಲ್ಲೆ.’ ಬಿರುದನ್ನು ಯಾರೂ ಅಳೆಯಲಾಗದು. ಎಣಿಕೆಯ ಪುಸ್ತಕ ತೋರಿಸು ಅಂತ ಯಾರು ಬೇಕಾದರೂ ಕೇಳಬಹುದು. ವಿಜ್ಞಾನದ ರೀತಿಯೂ ಅದೇ ಅಲ್ವೇ?

ಎರಡು ಎಚ್ಚರ: 13 ತುಂಬುವವರೆಗೆ ಖಾತೆ ಬೇಡ. ತುಂಬಿದ ಮೇಲೂ ಫೋನ್ ನಂಬರು, ಮನೆ ವಿಳಾಸ, ಶಾಲೆ ಹೆಸರು ಹಾಕಬೇಡಿ. ನಿಮ್ಮ ಕೆಲಸ ಕಾಣಲಿ, ಮನೆ ಬಾಗಿಲಲ್ಲ.