ರಾಜಕೀಯ ಮೊಕದ್ದಮೆಗಳೂ ವಕೀಲವರ್ಗವೂ

2024ನೆಯ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣಪತಿಯ ಮೆರವಣಿಗೆಯ ಸಮಯದಲ್ಲಿ ನಡೆದ ಕಲ್ಲೆಸೆತವನ್ನೂ, ಅಂಗಡಿಗಳು ಸುಟ್ಟುಹೋದುದನ್ನೂ ನಮ್ಮ ವಾಚಕರು ಮರೆತಿರಲಾರರು. ಉಭಯ ಮತಗಳಿಗೂ ಸೇರಿದ 50ಕ್ಕೂ ಹೆಚ್ಚು ಮಂದಿ ದಸ್ತಗಿರಿಯಾದರು. ಅವರಲ್ಲಿ ದೋಷಿಗಳಾರೆಂಬುದು ನ್ಯಾಯಾಸ್ಥಾನಕ್ಕೆ ಬಿಟ್ಟ ವಿಷಯ. ಆ ಬಗ್ಗೆ ನಾವು ಏನನ್ನೂ ಹೇಳತಕ್ಕುದಲ್ಲ. ಆದರೆ ಇಂತಹ ಮೊಕದ್ದಮೆಗಳಲ್ಲಿ ಕರಿಯ ಕೋಟು ಧರಿಸಿ ನಿಲ್ಲುವವರ ಮನಸ್ಸು ಹೇಗಿರಬೇಕೆಂಬುದನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಮಹಾಜನರೂ ವಕೀಲರೂ ಆಲೋಚಿಸುವುದು ಅಗತ್ಯವಾಗಿದೆ.

ಹಿಂದೆ ಪಕ್ಷಪಾತದ ಭಯವಿದ್ದುದು ಜ್ಯೂರಿಯವರಿಂದ. 1908ನೆಯ ಜುಲೈನಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ಲೋಕಮಾನ್ಯ ತಿಲಕರ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಜ್ಯೂರಿಯಲ್ಲಿ ಕುಳಿತವರು 7 ಮಂದಿ ಐರೋಪ್ಯರು, 2 ಮಂದಿ ಪಾರಸಿಗಳು. ಲೇಖನಗಳು ಮರಾಠಿಯವು, ಅವರ ಮುಂದಿದ್ದುದು ಭಾಷಾಂತರ. 7ಕ್ಕೆ 2ರ ಬಹುಮತದಿಂದ ಅಪರಾಧಿಯೆಂದರು. 6 ವರ್ಷಗಳ ದೇಶಾಂತರ ಶಿಕ್ಷೆಯನ್ನು ವಿಧಿಸಿದ ನ್ಯಾಯಮೂರ್ತಿ ದಾವರರಾದರೋ, 1897ರ ಮೊಕದ್ದಮೆಯಲ್ಲಿ ಇದೇ ತಿಲಕರ ಜಾಮೀನಿಗಾಗಿ ವಾದಿಸಿದ್ದವರು! ಸ್ವತಂತ್ರ ಭಾರತದ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಸ್ಥಳವೇ ಇಲ್ಲದಂತಾಯಿತು.

ಜ್ಯೂರಿ ಹೋಯಿತು, ವಿಚಾರಣೆಗೆ ಮುನ್ನವೇ ತೀರ್ಪು ಕೊಡುವ ಚಪಲವು ಹೋಗಲಿಲ್ಲ. ಅದು ಈಗ ವಕೀಲರ ಸಂಘಗಳ ಕೊಠಡಿಯನ್ನು ಸೇರಿದೆ. 2020ನೆಯ ಜನವರಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಆವರಣದಲ್ಲಿ ಕಾಶ್ಮೀರದ ವಿಷಯವಾಗಿ ಫಲಕ ಹಿಡಿದ ಯುವತಿಯೊಬ್ಬಳ ಪರವಾಗಿ ಯಾರೂ ವಕಾಲತ್ತು ವಹಿಸಬಾರದೆಂದು ಮೈಸೂರಿನ ವಕೀಲರ ಸಂಘವು ನಿರ್ಣಯಿಸಿತು. ಹೊರಗಿನ ಊರುಗಳಿಂದ ನೂರಕ್ಕೂ ಹೆಚ್ಚು ವಕೀಲರು ಆಕೆಗಾಗಿ ಸಹಿ ಹಾಕಿದರೆಂಬುದು ಸಮಾಧಾನದ ಸಂಗತಿ. ಮರು ತಿಂಗಳೇ ಹುಬ್ಬಳ್ಳಿಯ ಸಂಘವು 3 ಮಂದಿ ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲಿ ಅದೇ ದಾರಿ ಹಿಡಿಯಿತು. ಬೆಂಗಳೂರಿನಿಂದ ಹೊರಟ ವಕೀಲರಿಗೆ ಪೋಲೀಸು ರಕ್ಷಣೆ ಕೊಡಬೇಕೆಂದು ಹೈಕೋರ್ಟೇ ಆಜ್ಞೆ ಮಾಡಬೇಕಾಯಿತು. ಇಷ್ಟೆಲ್ಲ ಆವೇಶದ ಕೊನೆಗೆ, ಪೋಲೀಸರು ದೋಷಾರೋಪಣಪಟ್ಟಿಯನ್ನು ಕಾಲಕ್ಕೆ ಸಲ್ಲಿಸಲಿಲ್ಲವೆಂಬ ಕಾರಣದಿಂದಲೇ ಆ ಹುಡುಗರಿಗೆ ಜಾಮೀನು ಸಿಕ್ಕಿತು!

ಇಂತಹ ನಿರ್ಣಯಗಳು ಅಸಿಂಧುವೆಂದೂ ವೃತ್ತಿಧರ್ಮಕ್ಕೆ ವಿರುದ್ಧವೆಂದೂ ಸುಪ್ರೀಂ ಕೋರ್ಟು 2010ರಲ್ಲಿಯೇ ಹೇಳಿದೆ. ತನಗೆ ಇಷ್ಟಬಂದ ವಕೀಲನ ಮೂಲಕ ವಾದಿಸಿಕೊಳ್ಳುವ ಹಕ್ಕು ಸಂವಿಧಾನದ 22ನೆಯ ಅನುಚ್ಛೇದದಲ್ಲಿದೆ. ದೇಶಾಭಿಮಾನವು ನಮಗೂ ಪ್ರಿಯವೇ. ಆದರೆ 1938ನೆಯ ಏಪ್ರಿಲಿನಲ್ಲಿ, ಇಂದು ಮಂಡ್ಯ ಜಿಲ್ಲೆಗೆ ಸೇರಿದ ಶಿವಪುರದಲ್ಲಿ, ನಿಷೇಧಾಜ್ಞೆಯನ್ನು ಮೀರಿ ಧ್ವಜವೇರಿಸಿದ ಟಿ. ಸಿದ್ದಲಿಂಗಯ್ಯನವರೂ ಅಂದಿನ ಸರ್ಕಾರದ ಕಣ್ಣಿಗೆ ಅಪರಾಧಿಯೇ ಆಗಿದ್ದರು. ಅವರು ಸ್ವತಃ ವಕೀಲರು.

ಸರ್ಕಾರಿ ಅಭಿಯೋಜಕರ ಪಕ್ಷಪಾತವು ಇದಕ್ಕಿಂತಲೂ ಸೂಕ್ಷ್ಮವಾದುದು. ಅದಕ್ಕೆ ನಿರ್ಣಯವೂ ಬೇಡ, ಘೋಷಣೆಯೂ ಬೇಡ. 2000ನೆಯ ಜುಲೈ 30ರಂದು ವೀರಪ್ಪನ್ ಡಾ. ರಾಜಕುಮಾರರನ್ನು ಅಪಹರಿಸಿದ ಮೇಲೆ, ಅವನ ಸಹಚರರೆಂದು ಸೆರೆಯಲ್ಲಿದ್ದವರ ಮೇಲಿನ ಟಾಡಾ ಆಪಾದನೆಗಳನ್ನು ಹಿಂದೆಗೆಯಲು ಮೈಸೂರಿನ ವಿಶೇಷ ನ್ಯಾಯಾಲಯವು ಅಭಿಯೋಜಕರಿಗೆ ಅನುಮತಿಯಿತ್ತಿತು. ಹತನಾದ ಸಬ್ ಇನ್ಸ್‌ಪೆಕ್ಟರೊಬ್ಬನ ವೃದ್ಧ ತಂದೆ ಸುಪ್ರೀಂ ಕೋರ್ಟಿನ ಮೆಟ್ಟಲು ಹತ್ತಿದನು. ನವೆಂಬರಿನಲ್ಲಿ ಆ ಅನುಮತಿ ರದ್ದಾಯಿತು. ಅಭಿಯೋಜಕನು ಸರ್ಕಾರದ ಅಪ್ಪಣೆಯನ್ನು ಒಪ್ಪಿಸುವ ಜವಾನನಲ್ಲ, ಸ್ವಂತ ವಿವೇಚನೆಯಿಂದ ನಡೆಯತಕ್ಕವನೆಂಬುದೇ ಆ ತೀರ್ಪಿನ ತಾತ್ಪರ್ಯ. ಆದಾಗ್ಯೂ 2024ನೆಯ ಅಕ್ಟೋಬರಿನಲ್ಲಿ ಹುಬ್ಬಳ್ಳಿಯ ಗಲಭೆಯೂ ಸೇರಿ 43 ಮೊಕದ್ದಮೆಗಳನ್ನು ಹಿಂದೆಗೆಯಲು ಸರ್ಕಾರವು ಆಜ್ಞೆ ಹೊರಡಿಸಿತು. 2025ನೆಯ ಮೇ ತಿಂಗಳಲ್ಲಿ ಹೈಕೋರ್ಟು ಅದನ್ನು ಹೊಡೆದುಹಾಕಿತು. ತಮ್ಮವರ ಮೊಕದ್ದಮೆಗಳನ್ನು ಸಡಿಲಿಸುವ ಈ ಚಾಳಿಗೆ ಯಾವ ಪಕ್ಷದ ಸರ್ಕಾರವೂ ಹೊರತಲ್ಲ.

ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ವಕೀಲನೂ ಸಾಕ್ಷಿಯೂ ಕಕ್ಷಿಗಾರನೂ ಒಂದೇ ಸಂತೆಗೆ ಹೋಗುವವರು. ಆಪಾದಿತನ ಪರವಾಗಿ ನಿಂತ ವಕೀಲನನ್ನು ನೆರೆಹೊರೆಯವರು ಮಾತನಾಡಿಸದೆ ಹೋಗುವುದು ಇಲ್ಲಿ ದೊಡ್ಡ ನಗರಕ್ಕಿಂತ ಹೆಚ್ಚು ನೋಯಿಸುತ್ತದೆ. ಆ ಸಂಕೋಚದಿಂದ ವಕೀಲರು ಹಿಂಜರಿದಲ್ಲಿ, ಬಂಧನದಲ್ಲಿರುವವನು ಆದಾಯದ ಪ್ರಶ್ನೆಯೇ ಇಲ್ಲದೆ ಮಂಡ್ಯದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲನನ್ನು ಪಡೆಯಬಹುದು. ಅಂಗಡಿ ಸುಟ್ಟುಹೋದವನೂ, ಅಭಿಯೋಜಕರಲ್ಲಿ ನಂಬಿಕೆ ಸಾಲದಿದ್ದರೆ, ನ್ಯಾಯಾಲಯದ ಅಪ್ಪಣೆ ಪಡೆದು ಅವರಿಗೆ ಸಹಾಯಕನಾಗಿ ತನ್ನ ವಕೀಲನನ್ನು ನಿಲ್ಲಿಸಿಕೊಳ್ಳಬಹುದು.