ಭಾನುವಾರದ ಹೋರಾಟಗಾರ

ಸ್ಟೀಲ್ ಬ್ರಿಡ್ಜ್ ಗಲಾಟೆ ನೆನಪಿದೆಯಾ? ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳದವರೆಗೆ ಉಕ್ಕಿನ ಫ್ಲೈಓವರ್, ಅದಕ್ಕೆ 800ಕ್ಕೂ ಹೆಚ್ಚು ಮರಗಳ ಬಲಿ. 2016ರ ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಕೈ ಕೈ ಹಿಡಿದು ನಿಂತರು. ಆಗಿನ್ನೂ ಇಂಜಿನಿಯರಿಂಗ್ ಓದ್ತಿದ್ದ ನಾನೂ ಇದ್ದೆ. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಗೆದ್ದೆವು ಅಂತ ಬೀಗಿದ್ದೇ ಬೀಗಿದ್ದು!

ಆಮೇಲೆ ಬಂತು 2021ರ ಫೆಬ್ರವರಿ 13. ನಮ್ಮ ಯಲಹಂಕದಿಂದ ಅಷ್ಟೇನೂ ದೂರವಿಲ್ಲದ ಸೋಲದೇವನಹಳ್ಳಿಯಿಂದ 22ರ ಹರೆಯದ ದಿಶಾ ರವಿಯನ್ನು ದೆಹಲಿ ಪೊಲೀಸರು ಕರೆದೊಯ್ದರು. ಹವಾಮಾನ ಬದಲಾವಣೆ ಬಗ್ಗೆ ದನಿಯೆತ್ತುವ 'ಫ್ರೈಡೇಸ್ ಫಾರ್ ಫ್ಯೂಚರ್' ಬಳಗವನ್ನು ಭಾರತದಲ್ಲಿ ಕಟ್ಟಿದವರಲ್ಲಿ ಒಬ್ಬರು ಆಕೆ. ರೈತ ಹೋರಾಟದ ಗೂಗಲ್ ಡಾಕ್ ಒಂದನ್ನು ತಿದ್ದಿದ ಆರೋಪಕ್ಕೆ ದೇಶದ್ರೋಹದ ಕೇಸು! ಹತ್ತು ದಿನಕ್ಕೆ ಜಾಮೀನು ಸಿಕ್ತು. ಸಾಕ್ಷ್ಯ ಸಾಲದು ಎಂದಿತು ದೆಹಲಿಯ ಕೋರ್ಟು.

ನಾನೇನು ಮಾಡಿದೆ? ಕೆರೆ ಉಳಿಸುವ ವಾಟ್ಸಾಪ್ ಗುಂಪಿನಿಂದ ಸದ್ದಿಲ್ಲದೆ ಹೊರಬಂದೆ. ದಿನಾ ಹತ್ತು ಡಾಕ್ ತಿದ್ದೋ ಕೆಲಸ ನನ್ನದು... ಪಾಸ್‌ಪೋರ್ಟು, ಆನ್‌ಸೈಟು ಎಲ್ಲಾ ನೆನಪಾಯ್ತು.

2018ರಲ್ಲಿ ಸ್ವೀಡನ್ನಿನ ಗ್ರೇತಾ ಪಾರ್ಲಿಮೆಂಟ್ ಮುಂದೆ ಬೋರ್ಡು ಹಿಡಿದು ಕೂತಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಮ್ಮನೆ ಮಕ್ಕಳು ಕೂತರೆ ಮಾತ್ರ "ಮೊದ್ಲು ಓದ್ಕೋ, ಕೇಸು ಬಿದ್ರೆ ಕೆಲಸ ಸಿಗಲ್ಲ" ಅಂತೀವಿ. 2024ರ ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಬತ್ತಿ ಟ್ಯಾಂಕರ್ ದಾರಿ ಕಾಯುವಾಗ ಅನ್ನಿಸ್ತು, ಇದು ಸ್ವೀಡನ್ನಿನ ಸಮಸ್ಯೆಯಷ್ಟೇ ಅಲ್ಲ.

ಈಗಿನ ಹುಡುಗರಿಗೆ ಕಾಳಜಿ ಇಲ್ಲ ಅನ್ನೋದು ಸುಳ್ಳು ಸ್ವಾಮಿ. ಅವರ ಬೆನ್ನಿಗೆ ಸಂಬಳ ಎಣಿಸೋ ನಾವು ನಿಲ್ತಿಲ್ಲ, ಅಷ್ಟೇ.

ಮೊನ್ನೆ ಆ ಗುಂಪಿಗೆ ಮತ್ತೆ ಸೇರಿದೆ. ನೀವೇನಂತೀರಿ?