ಮಾದರಿ ರೈಲಿಗೆ ಯಾವ ಊರಿನ ಜಲ್ಲಿ?

ಮಾದರಿ ರೈಲು ಕಟ್ಟುವ ಹವ್ಯಾಸಿಗಳು ನಮ್ಮ ನಡುವೆ ಹೆಚ್ಚಿಲ್ಲ. ಇರುವವರ ಮಾತು ಬಹುಮಟ್ಟಿಗೆ ಎಂಜಿನ್ನಿನ ಸುತ್ತಲೇ ತಿರುಗುತ್ತದೆ. ಎಂಜಿನ್ ಯಾವ ವರ್ಗದ್ದು, ಬೋಗಿಗಳ ಬಣ್ಣ ಯಾವ ಕಾಲದ್ದು, ಸಿಗ್ನಲ್ ಕಂಬ ಎಷ್ಟೆತ್ತರ ಎಂಬ ಚರ್ಚೆ ತಾಸುಗಟ್ಟಲೆ ನಡೆಯುತ್ತದೆ. ಹಳಿಯ ಕೆಳಗೆ ಹರಡುವ ಜಲ್ಲಿಯ ಸರದಿ ಬಂದಾಗ ಮಾತ್ರ ಎಲ್ಲರಿಗೂ ಅವಸರ. ಅಂಗಡಿಯಿಂದ ಒಂದು ಪೊಟ್ಟಣ ತಂದು ಸುರಿದು, ಅಂಟು ಹನಿಸಿ, ಕೈ ತೊಳೆದುಕೊಂಡರೆ ಮುಗಿಯಿತು. ಈ ಅವಸರ ನನಗೆ ಒಪ್ಪಿಗೆಯಲ್ಲ. ಎಂಜಿನ್ ದೇಶವೆಲ್ಲ ಸುತ್ತುತ್ತದೆ. ಇಂದು ನಾಸಿಕ್ ರೋಡ್ ನಿಲ್ದಾಣದಲ್ಲಿ ಕಂಡದ್ದು ನಾಳೆ ಹುಬ್ಬಳ್ಳಿಯಲ್ಲಿ ಕಂಡೀತು. ಜಲ್ಲಿ ಹಾಗಲ್ಲ. ಅದು ಭಾರದ ಸರಕು, ಬೇಕಾಗುವುದೂ ಅಪಾರ ಪ್ರಮಾಣದಲ್ಲಿ. ಆದ್ದರಿಂದ ಅದನ್ನು ಆದಷ್ಟು ಹತ್ತಿರದ ಕಲ್ಲುಗಣಿಯಿಂದಲೇ ತರಿಸುತ್ತಾರೆ. ಮೇಜಿನ ಮೇಲಿನ ಒಂದು ಪುಟ್ಟ ರೈಲುದಾರಿ ಯಾವ ಊರಿನದೆಂಬುದನ್ನು ಎಂಜಿನ್ನಿಗಿಂತ ನಂಬುಗೆಯಾಗಿ ಹೇಳುವುದು ಜಲ್ಲಿ ಎಂಬುದೇ ಈ ಬರಹದ ವಾದ.

ದಕ್ಷಿಣ ಕರ್ನಾಟಕದಲ್ಲಿ ಜಲ್ಲಿ ಎನ್ನುವುದನ್ನೇ ಬೆಳಗಾವಿಯ ಕಡೆ ಖಡಿ ಎನ್ನುತ್ತಾರೆ. ಮರಾಠಿಯಲ್ಲಿಯೂ ಅದು ಖಡಿಯೇ. ಉತ್ತರದ ರೈಲ್ವೆ ಕೆಲಸಗಾರರ ಹಿಂದಿಯಲ್ಲಿ ಗಿಟ್ಟಿ. ಹೆಸರು ಏನಿದ್ದರೂ ಅದರ ಕೆಲಸ ಒಂದೇ: ಸ್ಲೀಪರುಗಳು ಜರುಗದಂತೆ ಹಿಡಿದಿಡುವುದು, ಮೇಲಿನ ಭಾರವನ್ನು ನೆಲಕ್ಕೆ ಹರಡುವುದು, ಮಳೆಯ ನೀರನ್ನು ನಿಲ್ಲಗೊಡದೆ ಇಳಿಸುವುದು. ಭಾರತೀಯ ರೈಲ್ವೆಯ ನಿಯಮದಂತೆ ಈ ಜಲ್ಲಿ ಯಂತ್ರದಲ್ಲಿ ಒಡೆದದ್ದಾಗಿರಬೇಕು, ಚೂಪು ಮೂಲೆಗಳುಳ್ಳದ್ದಾಗಿರಬೇಕು. ಹರಳಿನ ಗಾತ್ರ ಸ್ಥೂಲವಾಗಿ 20 ಮಿಲಿಮೀಟರಿನಿಂದ 65 ಮಿಲಿಮೀಟರಿನೊಳಗೆ ಇರಬೇಕು. ಹೊಳೆಯ ನುಣುಪುಗಲ್ಲು ಇದಕ್ಕೆ ಒದಗುವುದಿಲ್ಲ. ಒಂದರ ಮೇಲೊಂದು ಜಾರುತ್ತದೆ. ಒಡೆದ ಕಲ್ಲಿನ ಮೂಲೆಗಳು ಒಂದನ್ನೊಂದು ಕಚ್ಚಿ ಹಿಡಿದು ನಿಲ್ಲುತ್ತವೆ.

ನಾಸಿಕದಿಂದ ಛತ್ರಪತಿ ಸಂಭಾಜಿನಗರದವರೆಗಿನ ಸೀಮೆಯಲ್ಲಿ ಒಡೆಯಲು ಸಿಗುವುದು ಒಂದೇ ಕಲ್ಲು, ಕರಿಯ ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಪದರಪದರವಾಗಿ ಹರಿದ ಲಾವಾ ಆರಿ ಗಟ್ಟಿಯಾದದ್ದು ಇದು. ಕಸಾರಾದಿಂದ ಇಗತಪುರಿಗೆ 37ಕ್ಕೆ 1ರ ಏರಿನಲ್ಲಿ ರೈಲು ಹತ್ತುವ ಥಳ್ ಘಟ್ಟ, ಮನಮಾಡಿನ ಬಳಿಯ ಅಂಕಾಯಿ ಕೋಟೆ, ದೌಲತಾಬಾದಿನ ಕಡಿದಾದ ಗುಡ್ಡ, ಎಲ್ಲೋರ, ಅಜಂತಾ ಎಲ್ಲವೂ ಇದೇ ಕಲ್ಲು. ಇನ್ನೂ ಸ್ವಾರಸ್ಯವೆಂದರೆ, ಹಳಿಯ ಸುತ್ತಲಿನ ಮಣ್ಣು ಕೂಡ ಇದರದೇ ಸಂತಾನ. ಬಸಾಲ್ಟ್ ಅರ್ಧ ಸವೆದಾಗ ಕೆಂಗಂದು ಬಣ್ಣದ ಗರಸು, ಪೂರ್ತಿ ಸವೆದಾಗ ಎರೆಮಣ್ಣು. ಹಳಿಯಡಿಯ ಕರಿಜಲ್ಲಿ, ಅದರ ಅಂಚಿನ ಗರಸು, ಆಚೆಗಿನ ಎರೆಹೊಲ ಮೂರೂ ಒಂದೇ ತಾಯಿಕಲ್ಲಿನಿಂದ ಬಂದವು. ಈ ನಂಟನ್ನು ಗಮನಿಸಿದವನ ಮಾದರಿಯಲ್ಲಿ ಬಣ್ಣಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ. ಜಲ್ಲಿಯನ್ನು ಒಂದು ದೇಶದಿಂದ, ಮಣ್ಣಿನ ಪುಡಿಯನ್ನು ಇನ್ನೊಂದು ದೇಶದಿಂದ ಕೊಂಡು ತಂದವನು ಎಷ್ಟು ಜಾಣನಾದರೂ ಆ ಹೊಂದಿಕೆ ದೊರೆಯುವುದು ಕಷ್ಟ.

ವಿದೇಶದ ಸಿದ್ಧ ಪೊಟ್ಟಣಗಳ ಮೇಲೆ ನನಗೆ ದ್ವೇಷವಿಲ್ಲ. ಗಾತ್ರ ಅಚ್ಚುಕಟ್ಟಾಗಿರುತ್ತದೆ, ಧೂಳಿರುವುದಿಲ್ಲ. ಆದರೆ ಅವುಗಳ ತಿಳಿಬೂದು, ಹಳದಿಗಂದು ಬಣ್ಣಗಳು ಅಮೆರಿಕದ ಅಥವಾ ಯುರೋಪಿನ ಹಳಿಗಳನ್ನು ನೋಡಿ ಕಲಸಿದವು. ಕೆಲವು ಕಂಪನಿಗಳ ಜಲ್ಲಿ ಕಲ್ಲೇ ಅಲ್ಲ. ವುಡ್‌ಲ್ಯಾಂಡ್ ಸೀನಿಕ್ಸಿನದು ಆಕ್ರೋಟದ ಚಿಪ್ಪನ್ನು ಪುಡಿಮಾಡಿ ಬಣ್ಣ ಕಟ್ಟಿದ್ದು. ಹಗುರವಾದ್ದರಿಂದ ಅಂಟುನೀರು ಹನಿಸಿದೊಡನೆ ತೇಲಿ ಜಾಗ ಬಿಡುವ ಸ್ವಭಾವ ಅದಕ್ಕಿದೆ. ಕಲ್ಲಿನ ಪುಡಿ ತನ್ನ ಭಾರದಿಂದಲೇ ಕೂರುತ್ತದೆ.

ಇನ್ನು ಗಾತ್ರದ ಲೆಕ್ಕ. ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಅಳತೆಯಲ್ಲಿ ಎಲ್ಲವೂ ನಿಜದ 87ರಲ್ಲಿ ಒಂದು ಪಾಲು. 65 ಮಿಲಿಮೀಟರಿನ ಜಲ್ಲಿ ಅಲ್ಲಿ 0.75 ಮಿಲಿಮೀಟರ್ ಆಗುತ್ತದೆ. 20 ಮಿಲಿಮೀಟರಿನದು 0.23. ಕಣ್ಣಳತೆಗೆ ಇದು ಚಿರೋಟಿ ರವೆಯ ಆಸುಪಾಸು. ಬಹುಪಾಲು ಮಾದರಿಗಳು ಸೋಲುವುದು ಇಲ್ಲಿಯೇ. ಎರಡು ಮಿಲಿಮೀಟರಿನ ಹರಳು ಕೈಗೆ ಸಣ್ಣದೆನಿಸುತ್ತದೆ. ಆದರೆ ಆ ಪುಟ್ಟ ಲೋಕದಲ್ಲಿ ಅದು 174 ಮಿಲಿಮೀಟರಿನ ಬಂಡೆ, ಸಿಪ್ಪೆ ಸುಲಿಯದ ತೆಂಗಿನಕಾಯಿಯಷ್ಟು. ಅಂಥವುಗಳ ಮೇಲೆ ಯಾವ ರೈಲೂ ಓಡಿದ್ದಿಲ್ಲ. ಕಟ್ಟಡ ಸಾಮಗ್ರಿಯ ಅಂಗಡಿಯಲ್ಲಿ ಸಿಗುವ ಕ್ರಷರ್ ಪುಡಿಯನ್ನು ತಂದು ಜರಡಿ ಹಿಡಿದರೆ ಬೇಕಾದದ್ದು ದಕ್ಕುತ್ತದೆ. ಮಣ್ಣು ಪರೀಕ್ಷೆಯ 600 ಮೈಕ್ರಾನ್ ಜರಡಿಯಿಂದ ಇಳಿದು 300 ಮೈಕ್ರಾನ್ ಜರಡಿಯಲ್ಲಿ ನಿಂತ ಭಾಗ ಎಚ್‌ಒಗೆ ತಕ್ಕದ್ದು. ನಿಜದಲ್ಲಿ ಅದು 26ರಿಂದ 52 ಮಿಲಿಮೀಟರಿನ ಜಲ್ಲಿಗೆ ಸಮ. 160ರಲ್ಲಿ ಒಂದು ಪಾಲಿನ ಎನ್ ಅಳತೆಯವರಿಗೆ 300ರಿಂದ ಇಳಿದು 150ರಲ್ಲಿ ನಿಂತದ್ದು ಸರಿ. ಆ ಜರಡಿಗಳು ಸಿಗದಿದ್ದರೆ ಅಡುಗೆಮನೆಯ ಎರಡು ಬೇರೆಬೇರೆ ಜರಡಿಗಳೂ ಕೆಲಸ ನಡೆಸುತ್ತವೆ. ಆಮೇಲೆ ನೀರು ತಿಳಿಯಾಗುವವರೆಗೆ ತೊಳೆದು ಒಣಗಿಸಬೇಕು.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಬಸಾಲ್ಟಿನಲ್ಲಿ ಅಯಸ್ಕಾಂತಕ್ಕೆ ಅಂಟುವ ಮ್ಯಾಗ್ನೆಟೈಟ್ ಕಣಗಳಿರುತ್ತವೆ. ಅಂಟಿನಿಂದ ಬಿಡಿಸಿಕೊಂಡ ಅಂಥ ಕಣ ಎಂಜಿನ್ನಿನ ಮೋಟಾರು ಸೇರಿದರೆ ಹಲ್ಲುಗಾಲಿ ಹಾಳಾಗುತ್ತದೆ. ಅದಕ್ಕಾಗಿ ಕಾಗದದಲ್ಲಿ ಸುತ್ತಿದ ಬಲವಾದ ಅಯಸ್ಕಾಂತವನ್ನು ಪುಡಿಯ ಮೇಲೆ ನಾಲ್ಕಾರು ಬಾರಿ ಆಡಿಸಿ, ಅಂಟಿದ್ದನ್ನು ಬೇರ್ಪಡಿಸಬೇಕು. ಹೀಗೆ ನಾವು ಹೊರಗೆಸೆಯುವ ಕಣಗಳಿಗೆ ವಿಜ್ಞಾನದ ಚರಿತ್ರೆಯಲ್ಲಿ ದೊಡ್ಡ ಸ್ಥಾನವಿದೆ. ಲಾವಾ ಆರುವಾಗ ಭೂಮಿಯ ಕಾಂತಕ್ಷೇತ್ರದ ದಿಕ್ಕು ಅವುಗಳಲ್ಲಿ ಅಚ್ಚೊತ್ತಿ ಉಳಿಯುತ್ತದೆ. 1950ರ ದಶಕದಲ್ಲಿ ದಖ್ಖನ್ನಿನ ಕಲ್ಲುಗಳಲ್ಲಿ ಈ ದಿಕ್ಕನ್ನು ಅಳೆದಾಗ, ಇವು ಹುಟ್ಟಿದ್ದು ಭೂಮಧ್ಯರೇಖೆಯ ದಕ್ಷಿಣದಲ್ಲೆಂದೂ ಆಮೇಲೆ ಭೂಖಂಡದೊಡನೆ ಉತ್ತರಕ್ಕೆ ಬಂದವೆಂದೂ ತಿಳಿಯಿತು. ದಕ್ಷಿಣದಿಂದ ಬಂದು ನಾಸಿಕದಲ್ಲಿ ನೆಲೆಸಿದವರಿಗೆ ಈ ಕಲ್ಲಿನ ಬಗೆಗೆ ಒಂದಿಷ್ಟು ಸಲಿಗೆ ಮೂಡಿದರೆ ತಪ್ಪಲ್ಲ.

ಇಲ್ಲಿಗೆ ಹೊರನಾಡ ಕನ್ನಡಿಗರ ಪ್ರಶ್ನೆ ಬರುತ್ತದೆ. ಇಲ್ಲಿ ವಾಸವಿರುವ ಕನ್ನಡಿಗ ಮಾದರಿ ಕಟ್ಟಲು ಕುಳಿತರೆ ಅವನ ಮನಸ್ಸು ಮೊದಲು ಓಡುವುದು ಊರಿಗೆ, ಬಾಲ್ಯದ ಅರಸೀಕೆರೆಗೋ ಸಕಲೇಶಪುರ–ಸುಬ್ರಹ್ಮಣ್ಯದ ಘಟ್ಟಕ್ಕೋ. ಅದು ಸಹಜ. ಹಾಗೆ ಕಟ್ಟುವುದಾದರೆ ನಾಸಿಕದ ಕರಿಕಲ್ಲನ್ನು ಅಲ್ಲಿ ಸುರಿಯಬಾರದು. ಹಳೆಯ ಮೈಸೂರು ಸೀಮೆಯ ಜಲ್ಲಿ ಗ್ರಾನೈಟ್ ಮತ್ತು ನೈಸ್ ಶಿಲೆಯದು. ಅದರ ಬೂದು ತಿಳಿಯಾದದ್ದು, ಬಿಳಿ ಮತ್ತು ನಸುಗೆಂಪು ಹರಳುಗಳು ಬೆರೆತದ್ದು. ಊರಿಗೆ ಹೋದಾಗ ಒಂದು ಡಬ್ಬಿ ತಂದಿಟ್ಟುಕೊಂಡರೆ ಸಾಕು. ಬಳ್ಳಾರಿ ಕಡೆಯ ಅದಿರು ಸಾಗಿಸುವ ದಾರಿಯಾದರೆ ಜಲ್ಲಿಯ ಮೇಲೆ ಕೆಂಧೂಳು ಕವಿದಿರಬೇಕು. ಹಾಗೆಂದು ಬಸಾಲ್ಟ್ ಕನ್ನಡ ನೆಲಕ್ಕೆ ಪರಕೀಯವೂ ಅಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿಯ ಕಡೆಗೆ ಇದೇ ಲಾವಾ ಹರಡಿದೆ. ಗೋಲಗುಮ್ಮಟ ಕಟ್ಟಿದ್ದೂ ಇದರಲ್ಲಿಯೇ. ನನ್ನ ಆಕ್ಷೇಪವಿರುವುದು ಯಾವ ಊರಿನದೂ ಅಲ್ಲದ ಬೂದುಪುಡಿಯ ಮೇಲೆ ಯಾವುದೋ ಊರಿನ ಫಲಕ ನೆಡುವುದಕ್ಕೆ.

ಆದರೆ ಊರಿನ ದಾರಿಯೊಂದನ್ನೇ ಕಟ್ಟುತ್ತ ಕೂರುವುದಕ್ಕಿಂತ, ಬಾಳುತ್ತಿರುವ ಊರಿನ ಒಂದು ತುಂಡನ್ನಾದರೂ ಕಟ್ಟಬೇಕೆಂದು ನನ್ನ ಸಲಹೆ. ನಾಸಿಕದಲ್ಲಿ ಹುಟ್ಟಿದ ಕನ್ನಡದ ಮಕ್ಕಳಿಗೆ ಗೊತ್ತಿರುವ ಸುರಂಗಗಳು ಥಳ್ ಘಟ್ಟದವು. ಅವರು ರಜೆಗೆ ಹೊರಡುವುದು ಮನಮಾಡ್ ಜಂಕ್ಷನ್ನಿನಿಂದ. ಅಪ್ಪ ಕಟ್ಟಿದ ಪುಟ್ಟ ಲೋಕದಲ್ಲಿ ತಾವು ಕಂಡ ಒಂದು ನಿಲ್ದಾಣವೂ ಇಲ್ಲದಿದ್ದರೆ, ಅದು ಅವರಿಗೆ ಗಾಜಿನ ಪೆಟ್ಟಿಗೆಯೊಳಗಿನ ಅಪ್ಪನ ನೆನಪಾಗಿ ಉಳಿಯುತ್ತದೆ, ಅವರ ಆಟವಾಗುವುದಿಲ್ಲ.

ಇದಕ್ಕೆ ನಮ್ಮ ಚರಿತ್ರೆಯಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ 8ನೆಯ ಶತಮಾನದ ಮಧ್ಯದ್ದು. ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಅದು ಮಲಪ್ರಭಾ ದಡದ ಮರಳುಗಲ್ಲಿನದು. ಕೆಲವೇ ದಶಕಗಳಲ್ಲಿ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲಕ್ಕೆ ಎಲ್ಲೋರದಲ್ಲಿ ಕೈಲಾಸ ರೂಪುಗೊಂಡಿತು. ಇವೆರಡರ ವಿನ್ಯಾಸದ ಹತ್ತಿರದ ಹೋಲಿಕೆಯನ್ನು ವಿದ್ವಾಂಸರು ಗುರುತಿಸಿದ್ದಾರೆ. ರೂಪದ ಕಲ್ಪನೆ ದಕ್ಷಿಣದಿಂದ ಬಂದಿತು, ಕಲ್ಲು ಬರಲಿಲ್ಲ. ಎದುರಿಗಿದ್ದ ಕರಿಯ ಬೆಟ್ಟವನ್ನೇ ಮೇಲಿನಿಂದ ಕೆಳಕ್ಕೆ ಕಡಿದು ಇಳಿದರು. ಕವಿರಾಜಮಾರ್ಗ ಕನ್ನಡನಾಡಿನ ಉತ್ತರದ ಎಲ್ಲೆಯೆಂದು ಹೇಳುವ ಗೋದಾವರಿ ಹುಟ್ಟುವುದೂ ನಾಸಿಕದ ಪಕ್ಕದ ತ್ರ್ಯಂಬಕದಲ್ಲಿ. ಈ ನೆಲದ ಕಲ್ಲನ್ನು ತಮ್ಮದೆಂದು ಮುಟ್ಟಲು ಕನ್ನಡಿಗರಿಗೆ ಹೊಸ ಪರವಾನಗಿ ಬೇಕಿಲ್ಲ.

ಒಂದು ವಾದಕ್ಕೆ ಉತ್ತರಿಸಬೇಕಾಗಿದೆ. ಭಾರತದ ಬ್ರಾಡ್‌ಗೇಜ್ 1676 ಮಿಲಿಮೀಟರ್. ಎಚ್‌ಒ ಅಳತೆಯಲ್ಲಿ ಅದು 19 ಮಿಲಿಮೀಟರಿಗೂ ಹೆಚ್ಚಾಗಬೇಕು. ಅಂಗಡಿಯಲ್ಲಿ ಸಿಗುವ ಹಳಿ 16.5 ಮಿಲಿಮೀಟರಿನದು, ಪರದೇಶದ ಕಿರಿದಾದ ಗೇಜಿಗೆ ಹೊಂದಿದ್ದು. ಹಳಿಯೇ ತಪ್ಪಾಗಿರುವಾಗ ಜಲ್ಲಿಯ ಶುದ್ಧಿ ಯಾರಿಗೆ ಬೇಕು ಎಂಬುದು ಆ ವಾದ. ಹಳಿಯ ಅಗಲ ಮಾರುಕಟ್ಟೆ ನಮ್ಮ ಮೇಲೆ ಹೇರಿದ ರಾಜಿ. ಅದನ್ನು ಮೀರಲು ಹಳಿಯನ್ನೂ ಗಾಲಿಯನ್ನೂ ಕೈಯಾರೆ ತಯಾರಿಸಬೇಕು. ಜಲ್ಲಿಯಾದರೋ ಪೂರ್ತಿ ನಮ್ಮ ಕೈಯಲ್ಲಿದೆ, ಕಾಸೂ ಹೆಚ್ಚು ಬೇಡುವುದಿಲ್ಲ. ಕೈಲಾಗದ್ದರ ನೆಪ ಹೇಳಿ ಕೈಲಾಗುವುದನ್ನು ಬಿಡುವುದು ಸರಿಯಲ್ಲ. ಮೇಲಾಗಿ ಹಳಿಯ ಅಗಲದ ಎರಡು ಮೂರು ಮಿಲಿಮೀಟರಿನ ಕೊರತೆ ಕಣ್ಣಿಗೆ ಬೇಗ ಹೊಳೆಯುವುದಿಲ್ಲ. ಕಲ್ಲಿನ ಬಣ್ಣ ಬಾಗಿಲಲ್ಲಿ ನಿಂತವರಿಗೂ ಕಾಣುತ್ತದೆ.

ಸ್ಥಳೀಯ ಕಲ್ಲನ್ನು ಹಾಗೆಯೇ ಹರಡಿದರೆ ಕೆಲಸ ಮುಗಿಯಿತೆಂದಲ್ಲ. ಆಗತಾನೆ ಒಡೆದ ಬಸಾಲ್ಟ್ ಮನೆಯೊಳಗಿನ ಬೆಳಕಿನಲ್ಲಿ ಇದ್ದಲಿನಂತೆ ತೋರುತ್ತದೆ. ಬಯಲಿನ ಬಿಸಿಲಲ್ಲಿ, ದೂರದಿಂದ ನೋಡುವಾಗ ಅದೇ ಕಲ್ಲು ನೀಲಿ ಬೆರೆತ ಬೂದು. ಆದ್ದರಿಂದ ತೆಳುವಾದ ತಿಳಿಬೂದು ಬಣ್ಣದ ನೀರನ್ನು ಒಮ್ಮೆ ಹಾಯಿಸುವುದು ಲೇಸು. ಕಾಂಕ್ರೀಟ್ ಸ್ಲೀಪರುಗಳ ಬಿಳುಪಿಗೂ ಕರಿಜಲ್ಲಿಗೂ ಇರುವ ಅಂತರವೇ ಇಂದಿನ ಮುಖ್ಯ ದಾರಿಗಳ ಗುರುತು. ಅಂಗಡಿಯ ಹಳಿಯಲ್ಲಿ ಸ್ಲೀಪರು ಮರದ ಕಂದಿನದಾಗಿದ್ದರೆ ಅದಕ್ಕೂ ಬಣ್ಣ ಹಚ್ಚಬೇಕು. ನಿಲ್ದಾಣದೊಳಗೆ ಬ್ರೇಕಿನ ಪುಡಿ, ತುಕ್ಕು, ಎಣ್ಣೆ ಸೇರಿ ಜಲ್ಲಿ ಕಂದಾಗಿರುತ್ತದೆ. ಘಟ್ಟದಲ್ಲಿ ಮಳೆಗಾಲದ ತೇವಕ್ಕೆ ಕಪ್ಪೇರಿರುತ್ತದೆ. ಸಂಭಾಜಿನಗರದ ಒಣ ಬಯಲಿನಲ್ಲಿ ಎರೆಧೂಳು ಕುಳಿತು ಮಂಕಾಗಿರುತ್ತದೆ. 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಗುವ ಮೊದಲಿನ, ನಿಜಾಮರ ಕಾಲದ ಮೀಟರ್‌ಗೇಜ್ ದಾರಿಯನ್ನು ಕಟ್ಟುವವರು ಜಲ್ಲಿಯ ನಡುವೆ ಮಣ್ಣು ಹುಲ್ಲುಗಳಿಗೂ ಜಾಗ ಕೊಡಬಹುದು. ಕಲ್ಲಿಗೆ ಬಣ್ಣ ಹಚ್ಚುವುದು ಕಲ್ಲಿಗೆ ಬಗೆದ ದ್ರೋಹವಲ್ಲ. ಕೈಲಾಸದ ಗೋಡೆಗಳಿಗೂ ಗಾರೆ ಬಳಿದು ಬಣ್ಣ ಹಚ್ಚಿದ್ದರು. ಅದರ ಕುರುಹುಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ.

ಹರಡುವ ಕ್ರಮ ಸರಳವಾದದ್ದು. ಒಣ ಪುಡಿಯನ್ನು ಮೆತ್ತನೆಯ ಕುಂಚದಿಂದ ಸ್ಲೀಪರುಗಳ ನಡುವೆ ಕೂರಿಸಿ, ಮೇಲೆ ಉಳಿದ ಹರಳುಗಳನ್ನು ಗುಡಿಸಬೇಕು. ನಿಜದ ಹಳಿಯಲ್ಲಿ ಸ್ಲೀಪರಿನಡಿ 300 ಮಿಲಿಮೀಟರ್ ಜಲ್ಲಿಯಿದ್ದರೆ ಎಚ್‌ಒದಲ್ಲಿ ಮೂರೂವರೆ ಮಿಲಿಮೀಟರಿನ ದಿಂಡು ಸಾಕು. ಮೊದಲು ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿದ ನೀರನ್ನು ತುಂತುರಾಗಿ ಚಿಮುಕಿಸಿ, ಒಂದು ಪಾಲು ಫೆವಿಕಾಲಿಗೆ ಮೂರು ಪಾಲು ನೀರು ಸೇರಿಸಿ ಹನಿಹನಿಯಾಗಿ ಬಿಡಬೇಕು. ಹಳಿ ಕವಲೊಡೆಯುವ ಕಡೆ, ಅಲುಗುವ ಭಾಗಗಳ ಹತ್ತಿರ ಅಂಟು ಸುಳಿಯಬಾರದು. ಒಂದು ಇಡೀ ದಿನ ಒಣಗಲು ಬಿಡಬೇಕು.

ಕಲ್ಲನ್ನು ಎಲ್ಲಿಂದ ತರಬಾರದೆಂಬುದನ್ನೂ ಹೇಳಬೇಕು. ಓಡುವ ಹಳಿಯ ಜಲ್ಲಿ ರೈಲ್ವೆಯ ಸೊತ್ತು. ಅದನ್ನು ಎತ್ತುವುದು ಅಪರಾಧ, ಹಳಿಯ ಮೇಲೆ ಇಳಿಯುವುದು ಪ್ರಾಣಾಪಾಯ. ಎಲ್ಲೋರ, ಅಜಂತಾ, ದೌಲತಾಬಾದಿನ ಆವರಣದಿಂದ ಒಂದು ಚೂರನ್ನೂ ಮುಟ್ಟಕೂಡದು. ಕಟ್ಟುತ್ತಿರುವ ಮನೆಯ ಮುಂದೆ, ಮಾಲೀಕರನ್ನು ಕೇಳಿ ಪಡೆದ ಪುಡಿಯೇ ಪುಟ್ಟ ದಾರಿಗೆ ಸಾಕು. ಎಂಜಿನ್ ಯಾವಾಗ ಬೇಕಾದರೂ ಕೊಳ್ಳಬಹುದು. ಈ ಮಳೆಗಾಲ ಕಳೆದು ಬಿಸಿಲು ಬಂದಾಗ, ಮೊದಲು ಮನೆಯ ಮಕ್ಕಳ ಕೈಗೆ ಜರಡಿ ಕೊಟ್ಟು ನೋಡಿ.